ಹಿಂದಿನ ಕೋಣೆ ಬಿಟ್ಟು

ಮನೆ ಸೋರಲು ಶುರುವಾಗಿ ಮೂರು ಮಳೆಗಾಲ ಕಳೆದ ಮೇಲೆ ತಮ್ಮನಿಗೆ ಮಾಡಿನ ರಿಪೇರಿ ನೆನಪಾಯಿತು. ನೆನಪಾಗಲು ಕಾರಣ, ಈ ಸಲ ನೀರು ಅವನ ಮಂಚದ ಮೇಲೆ ಬಿದ್ದದ್ದು. ಅಲ್ಲಿಯವರೆಗೆ ಸೋರುತ್ತಿದ್ದುದು ಹಿಂದಿನ ಕೋಣೆ, ಅಕ್ಕ ಮಲಗುವ ಜಾಗ. ಅವಳು ಮಂಚವನ್ನು ಗೋಡೆಗೆ ಒತ್ತಿ ಸರಿಸಿ, ಬಕೆಟ್ ಇಟ್ಟು, ಹನಿಯ ಸದ್ದಿಗೆ ನಿದ್ದೆ ಕೆಡದಿರಲೆಂದು ಬಕೆಟ್ಟಿನೊಳಗೆ ಒಂದು ಹಳೇ ಟವೆಲ್ ಹಾಕಿ ಹೇಗೋ ಸುಧಾರಿಸಿಕೊಂಡಿದ್ದಳು. ಯಾರಿಗೂ ದೂರು ಹೇಳಿರಲಿಲ್ಲ. ದೂರು ಹೇಳುವುದು ಅವಳ ಜಾಯಮಾನವೇ ಅಲ್ಲ.

“ಅಕ್ಕಾ, ಇದನ್ನ ನೀನೇ ನೋಡ್ಕೋ,” ಎಂದ ತಮ್ಮ, ಆಫೀಸಿಗೆ ಹೊರಡುತ್ತಾ. “ಕೊಟೇಶನ್ ತರಿಸೋದು, ಹೋಲಿಸಿ ನೋಡೋದು, ಎಲ್ಲ ನಿನಗೆ ನೀರು ಕುಡಿದ ಹಾಗೆ. ನನ್ನ ಕೈಗೆ ಬಿಟ್ರೆ ಬಂದವರೆಲ್ಲ ಟೋಪಿ ಹಾಕಿ ಹೋಗ್ತಾರೆ.”

ಮಾತು ಸುಳ್ಳಲ್ಲ. ಅಕ್ಕ ತನ್ನ ದುಡಿಮೆಯ ಕಾಲವನ್ನೆಲ್ಲ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕಳೆದವಳು. ಬೋಲ್ಟು, ಗ್ರೀಸು, ರಟ್ಟಿನ ಡಬ್ಬಿ, ಕಡೆಗೆ ಕ್ಯಾಂಟೀನಿನ ಲೋಟದವರೆಗೆ ಯಾವುದನ್ನು ಯಾರಿಂದ ಕೊಳ್ಳಬೇಕೆಂದು ನೋಡಿ ಹೇಳುವುದೇ ಅವಳ ಕೆಲಸ. ನಿವೃತ್ತಿಯಾದ ಮೇಲೆ ಸೊಪ್ಪು ಬಾಡಿದೆಯೋ ಇಲ್ಲವೋ ಎಂಬುದಕ್ಕಿಂತ ದೊಡ್ಡ ವಿಷಯವನ್ನು ಮನೆಯಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ಹಾಗಾಗಿ ತಮ್ಮನ ಮಾತಿನಿಂದ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಅದನ್ನು ಮುಚ್ಚಿಕೊಳ್ಳಲು “ನೋಡೋಣ, ಪುರುಸೊತ್ತಾದಾಗ” ಎಂದುಬಿಟ್ಟಳು. ಅವಳಿಗೆ ಇಡೀ ದಿನ ಪುರುಸೊತ್ತೇ.

ಮೊದಲು ಬಂದವನು ಬಿಳಿ ಶೂ ಹಾಕಿದ್ದ ಕಂಟ್ರಾಕ್ಟರ್. ಏಣಿ ಇಟ್ಟುಕೊಟ್ಟರೂ ಹತ್ತಲಿಲ್ಲ. ಅಂಗಳದಲ್ಲಿ ನಿಂತು ಹಣೆಗೆ ಕೈ ಅಡ್ಡ ಹಿಡಿದು ನೋಡಿ, ಮೊಬೈಲಿನಲ್ಲಿ ನಾಲ್ಕು ಫೋಟೋ ಹೊಡೆದ.

“ಮೇಡಂ, ಇದನ್ನೆಲ್ಲ ತೆಗೆಸಿ ಶೀಟ್ ಹಾಕಿಸಿಬಿಡಿ. ಈ ಹೆಂಚು ನಿಮ್ಮ ತಾತನ ಕಾಲದ್ದು.”

“ನಮ್ಮಪ್ಪನ ಕಾಲದ್ದು,” ಎಂದಳು ಅಕ್ಕ. “ಅವು ಹೊದಿಸೋವಾಗ ನಾನು ಕೆಳಗೆ ನಿಂತು ನೋಡಿದ್ದೀನಿ. ಅಷ್ಟು ಹಳೇದು ಮಾಡಬೇಡಿ ನಮ್ಮನ್ನ.”

ಎರಡನೆಯವನು ಒಬ್ಬ ಮೇಸ್ತ್ರಿ. ಮಾಡು ಹತ್ತಿದ್ದೇ ತಡ, ಹಿಂದೆ ಕೆಲಸ ಮಾಡಿದವರನ್ನೆಲ್ಲ ಬೈಯಲು ಶುರುಮಾಡಿದ. “ಯಾವ ಪುಣ್ಯಾತ್ಮ ಇಲ್ಲಿ ಸಿಮೆಂಟ್ ಮೆತ್ತಿದ್ದು? ಹೆಂಚಿಗೆ ಸಿಮೆಂಟ್ ಮೆತ್ತೋನಿಗೆ ಕೈ ಇರಬಾರದು!” ಎಂದು ಮೇಲಿನಿಂದಲೇ ಕೂಗಿದ. “ನಿಮ್ಮ ಹಾಗೇ ಬೈತಾ ಬಂದವನೊಬ್ಬ,” ಎಂದು ಅಕ್ಕ ಕೆಳಗಿನಿಂದ ಕೂಗಿದಳು. ಅವನು ಇಳಿದು ಬಂದ ಮೇಲೂ ಗೊಣಗುತ್ತಲೇ ಟೀ ಕುಡಿದ.

ಮೂರನೆಯವನನ್ನು ತಮ್ಮನೇ ಕಳಿಸಿದ್ದು. ಆಫೀಸಿನಲ್ಲಿ ಯಾರಿಗೋ ಪರಿಚಯದವನಂತೆ. ಬಹಳ ಮರ್ಯಾದಸ್ಥ. ಏನು ಹೇಳಿದರೂ “ಆಯ್ತು ಮೇಡಂ” ಎನ್ನುತ್ತಿದ್ದ. ಬೇರೆ ಮಾತೇ ಬರುತ್ತಿರಲಿಲ್ಲವಾದ್ದರಿಂದ ಅಕ್ಕ ಮತ್ತು ತಮ್ಮನ ಹೆಂಡತಿ ಇಬ್ಬರೂ ಸೇರಿ ಅವನಿಗೆ ‘ಆಯ್ತುಮೇಡಂ’ ಎಂದೇ ಹೆಸರಿಟ್ಟು ನಕ್ಕರು.

ಮೂರು ಕೊಟೇಶನ್ನೂ ಬಂದವು. ಒಬ್ಬ ಶೀಟಿಗೆ ಬರೆದಿದ್ದ, ಒಬ್ಬ ಮರ ಬದಲಿಸಿ ಅದೇ ಹೆಂಚು ಹೊದಿಸುವುದಕ್ಕೆ ಬರೆದಿದ್ದ, ಆಯ್ತುಮೇಡಂ ‘ಮಾಡಿನ ರಿಪೇರಿ’ ಎಂದಷ್ಟೇ ಬರೆದು ಕೆಳಗೆ ಒಂದು ಮೊತ್ತ ಹಾಕಿದ್ದ. ತಮ್ಮ ಮೂರರ ಕೊನೇ ಸಾಲನ್ನು ಮಾತ್ರ ನೋಡಿದ.

“ಕೊನೇ ಸಾಲನ್ನ ಕೊನೆಗೆ ನೋಡಬೇಕು ಕಣೋ,” ಎಂದಳು ಅಕ್ಕ. “ಒಬ್ಬ ಅಂಗಿ ಹೊಲಿಯೋಕೆ ರೇಟ್ ಹೇಳಿದ್ದಾನೆ, ಇನ್ನೊಬ್ಬ ಗುಂಡಿ ಹಾಕೋಕೆ. ಯಾರು ಅಗ್ಗ ಅಂತ ಹೇಗೆ ಹೇಳ್ತೀಯ?”

ಮರುದಿನ ಅವಳೇ ಏಣಿ ಹತ್ತಿದಳು. ಮಂಡಿ ಲಟಲಟ ಎಂದಿತು. ಕೆಳಗೆ ತಮ್ಮನ ಹೆಂಡತಿ ಏಣಿ ಹಿಡಿದುಕೊಂಡು, “ಅತ್ತಿಗೆ, ಬಿದ್ದುಗಿದ್ದೀರಿ, ಇಳೀರಿ ಸಾಕು,” ಎನ್ನುತ್ತಿದ್ದಳು. ಅಕ್ಕ ಅಲ್ಲಲ್ಲಿ ಹೆಂಚು ಸರಿಸಿ, ಅದರ ಕೆಳಗಿನ ರೀಪುಪಟ್ಟಿಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿದಳು. ಮುಂದಿನ ಭಾಗದಲ್ಲಿ ಮರ ಪರವಾಗಿಲ್ಲ, ಅಲ್ಲೊಂದು ಇಲ್ಲೊಂದು ಹಾಳಾಗಿತ್ತು. ಹಿಂದಿನ ಕೋಣೆಯ ಮೇಲೆ ಮಾತ್ರ ಸ್ಕ್ರೂಡ್ರೈವರ್ ಬೆಣ್ಣೆಗೆ ಇಳಿದಂತೆ ಇಳಿಯಿತು. ಇಡೀ ಮನೆಯ ನೀರು ಹರಿದು ಬರುವುದು ಆ ಕಡೆಗೇ. ಏನೇನು ಬದಲಾಯಿಸಬೇಕೆಂದು ಬರೆದು ಮೂವರಿಗೂ ಕಳಿಸಿದಳು. ಇಷ್ಟು ಕೆಲಸಕ್ಕೆ ಮಾತ್ರ ರೇಟ್ ಕೊಡಿ, ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದಳು.

ಬಿಳಿ ಶೂ ಉತ್ತರವನ್ನೇ ಕೊಡಲಿಲ್ಲ. ಮೇಸ್ತ್ರಿಯ ಮೊತ್ತ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಆಯ್ತುಮೇಡಂನ ಮೊತ್ತ ಮಾತ್ರ ಬಹಳ ಇಳಿದಿತ್ತು.

“ನೋಡಿದ್ಯಾ? ನಾನು ಹೇಳಿರಲಿಲ್ವಾ, ಒಳ್ಳೆ ಮನುಷ್ಯ ಅಂತ!” ಎಂದು ತಮ್ಮ ಹಿಗ್ಗಿದ.

ಅಕ್ಕನಿಗೆ ಸಮಾಧಾನವಾಗಲಿಲ್ಲ. ಒಂದೇ ಕೆಲಸಕ್ಕೆ ಒಬ್ಬ ಅಷ್ಟು ಇಳಿಸಿದ್ದಾನೆಂದರೆ ಒಂದೋ ಲೆಕ್ಕ ತಪ್ಪಿದ್ದಾನೆ, ಇಲ್ಲ ಏನನ್ನೋ ಕೈಬಿಟ್ಟಿದ್ದಾನೆ. ಕಾರ್ಖಾನೆಯಲ್ಲಿ ಇಂಥವರನ್ನು ಕರೆದು ಕೂರಿಸಿ ಕೇಳುತ್ತಿದ್ದಳು. ಇವನನ್ನೂ ಕರೆದಳು. ಅವನು ಬಂದಾಗ ತಮ್ಮ ಕೆಲಸಕ್ಕೆ ಹೋಗಿದ್ದ. ಇಬ್ಬರೂ ಹಿತ್ತಲಿನಲ್ಲಿ ಏಣಿಯ ಬುಡದಲ್ಲಿ ನಿಂತರು.

“ಈ ಕಡೆ ರೀಪು ಎಲ್ಲ ಹೊಸದು ಹಾಕ್ತೀರಾ, ಇಲ್ಲ ಹಾಳಾದವನ್ನ ಮಾತ್ರ ಬದಲಾಯಿಸ್ತೀರಾ?”

“ಈ ಕಡೆ ಕೆಲಸ ಇಲ್ವಲ್ಲ ಮೇಡಂ.”

“ಇಲ್ಲ ಅಂದ್ರೆ?”

“ಹಿಂದಿನ ಕೋಣೆ ಬಿಟ್ಟು ರೇಟ್ ಹಾಕಿ ಅಂತ ಸಾರ್ ಫೋನ್ ಮಾಡಿದ್ರಲ್ಲ. ನಿಮಗೆ ಗೊತ್ತಿದೆ ಅಂದ್ಕೊಂಡೆ.”

“ಯಾಕೆ ಬಿಡಬೇಕಂತೆ?”

“ಅಲ್ಲಿ ಯಾರೋ ವಯಸ್ಸಾದೋರು ಇದ್ದಾರಂತಲ್ಲ. ಅವರ ಕಾಲ ಆದ್ಮೇಲೆ ಈ ಕೋಣೆ ಕೆಡವಿ ಕಾರ್ ನಿಲ್ಲಿಸೋಕೆ ಜಾಗ ಮಾಡ್ತಾರಂತೆ. ಕೆಡವೋ ಕೋಣೆಗೆ ಸುಮ್ನೆ ಯಾಕೆ ಸುರಿಯೋದು ಅಂದ್ರು. ನನಗೂ ಸರಿ ಅನ್ನಿಸ್ತು.” ಆಮೇಲೆ ಅವನು ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿದ. “ನಾನು ಜೋರಾಗಿ ಮಾತಾಡಿಬಿಟ್ಟೆ. ಅಜ್ಜಿ ಒಳಗೆ ಮಲಗಿದ್ದಾರಾ?”

“ಇಲ್ಲ,” ಎಂದಳು ಅಕ್ಕ. “ಈಗಷ್ಟೇ ಎದ್ರು.”

“ಆಯ್ತು ಮೇಡಂ,” ಎಂದ ಅವನು.

ಅವನು ಹೋದ ಮೇಲೆ ಅವಳು ಒಳಗೆ ಬಂದು ಮಂಚದ ಮೇಲೆ ಕೂತಳು. ಈ ಕೋಣೆಗೆ ಅವಳನ್ನು ಯಾರೂ ತಳ್ಳಿರಲಿಲ್ಲ. ತಮ್ಮನ ಮಗಳಿಗೆ ಓದಿಕೊಳ್ಳಲು ಬೆಳಕಿನ ಕೋಣೆ ಬೇಕೆಂದು, ತಾನಾಗಿಯೇ ಮುಂದಿನ ಕೋಣೆ ಬಿಟ್ಟುಕೊಟ್ಟು ಬಂದಿದ್ದಳು. ಓದು ಮುಗಿದು, ಮದುವೆಯಾಗಿ, ಆ ಹುಡುಗಿ ಗಂಡನ ಮನೆಗೆ ಹೋಗಿ ಎಷ್ಟೋ ಕಾಲವಾಗಿತ್ತು. ಅಲ್ಲಿ ಈಗ ಟೀವಿ ಇತ್ತು. ಅಪ್ಪ ತೀರಿಕೊಂಡಾಗ ಕಾಲೇಜಿನಲ್ಲಿದ್ದ ತಮ್ಮನನ್ನು ಓದಿಸಿದ್ದು ಅವಳ ಸಂಬಳ. ಅದನ್ನು ಅವಳು ಯಾವತ್ತೂ ಎತ್ತಿ ಆಡಿದವಳಲ್ಲ. ಈಗ ಅದು ತಾನಾಗಿಯೇ ನೆನಪಿಗೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಹುರುಳಿಕಾಯಿ ಹೆಚ್ಚುತ್ತಿದ್ದಳು.

“ನಿನಗೆ ಗೊತ್ತಿತ್ತಾ?” ಎಂದು ಕೇಳಿದಳು ಅಕ್ಕ. ಹಿತ್ತಲಿನ ಮಾತು ಅಡುಗೆಮನೆಗೆ ಚೆನ್ನಾಗಿಯೇ ಕೇಳುತ್ತದೆ. ಬಿಡಿಸಿ ಹೇಳಬೇಕಾಗಿರಲಿಲ್ಲ.

ಚಾಕು ನಿಂತಿತು. ಅವಳು ತಲೆಯೆತ್ತಲಿಲ್ಲ. “ಕಾರಿನ ಮಾತು ಗೊತ್ತಿತ್ತು ಅತ್ತಿಗೆ. ಫೋನ್ ಮಾಡಿದ್ದು ಗೊತ್ತಿರಲಿಲ್ಲ. ದೇವರಾಣೆ.”

ಆಣೆ ಹಾಕಿದ್ದು ಎರಡನೆಯದಕ್ಕೆ. ಮೊದಲನೆಯದೇ ಅಕ್ಕನಿಗೆ ಹೆಚ್ಚು ತಾಗಿತು.

ಸಂಜೆ ತಮ್ಮ ಬಂದು ಕೈಕಾಲು ತೊಳೆದು ಕೂತಾಗ ಅವಳು ಎದುರಿನ ಕುರ್ಚಿಯಲ್ಲಿ ಕೂತಳು.

“ಹೋಲಿಸಿ ಆಯ್ತು,” ಎಂದಳು.

“ಯಾರದ್ದು ಒಳ್ಳೇದು?”

“ಮೇಸ್ತ್ರಿ ಇಡೀ ಮನೆಗೆ ಹಾಕಿದ್ದಾನೆ. ನಿನ್ನ ಕಡೆಯವನು ನನ್ನನ್ನ ಕಳೆದು ಹಾಕಿದ್ದಾನೆ.”

ತಮ್ಮನ ಮುಖ ಕೆಂಪಾಯಿತು. ಮೊದಲು ಆ ಕಂಟ್ರಾಕ್ಟರಿಗೆ ತಲೆ ನೆಟ್ಟಗಿಲ್ಲ ಎಂದ. ಆಮೇಲೆ ಈ ವರ್ಷಕ್ಕೆ ಮಾತ್ರ, ಮುಂದಿನ ವರ್ಷ ಹಿಂದಿನದ್ದೂ ಮಾಡಿಸುವ ಯೋಚನೆ ಇತ್ತು ಎಂದ. ಅದೂ ನಿಲ್ಲದಾಗ ಸಿಟ್ಟಾದ. “ನನಗೆ ಹೇಳದೆ ಅವನನ್ನ ಯಾಕೆ ಕರೆಸಿದೆ?”

“ಕೊಟೇಶನ್ ನೋಡ್ಕೋ ಅಂದವನು ನೀನೇ ಅಲ್ವಾ? ನನ್ನ ಕಾಲ ಆದ್ಮೇಲೆ ಅಂದ್ಯಂತೆ. ಇನ್ನೆಷ್ಟು ಮಳೆಗಾಲ ತಾಳ್ತೀನಿ ಅಂತ ಲೆಕ್ಕ ಹಾಕಿದ್ದೀಯ?”

“ಅಕ್ಕಾ, ಅಪಾರ್ಥ ಮಾಡ್ಕೋಬೇಡ. ಎಲ್ಲರೂ ಒಂದು ದಿನ ಹೋಗೋರೇ ತಾನೇ? ನಾನೂ ಹೋಗ್ತೀನಿ. ಅದನ್ನ ಹೇಳಿದ್ರೆ ತಪ್ಪೇನು?”

“ತಪ್ಪಿಲ್ಲ,” ಎಂದಳು ಅಕ್ಕ. “ಆದ್ರೆ ನಿನ್ನ ಮಂಚದ ಮೇಲಿನ ಮಾಡು ರಿಪೇರಿ ಮಾಡಿಸ್ತಿದ್ದೀಯಲ್ಲ.”

ಅವನು ಎದ್ದು ಹೋಗಿ ಟೀವಿ ಹಾಕಿದ. ಅವನ ಹೆಂಡತಿ ಇಬ್ಬರಿಗೂ ಕಾಫಿ ತಂದಿಟ್ಟಳು. ಎರಡು ಲೋಟವೂ ಆರಿ ಕೆನೆ ಕಟ್ಟಿತು.

ಆ ವಾರವೇ ಅಕ್ಕ ಮೇಸ್ತ್ರಿಯನ್ನು ಕರೆಸಿ, ತನ್ನ ಪಿಂಚಣಿಯ ಉಳಿತಾಯದಲ್ಲಿ ಹಿಂದಿನ ಕೋಣೆಯ ಮಾಡನ್ನಷ್ಟೇ ಮಾಡಿಸಿದಳು. “ಅರ್ಧ ಮಾಡು ಯಾರಾದ್ರೂ ಮಾಡಿಸ್ತಾರಾ? ತಲೆಗೆ ಅರ್ಧ ಕ್ಷೌರ ಮಾಡಿಸಿದ ಹಾಗೆ,” ಎಂದು ಅವನು ಗೊಣಗಿದ. “ಮಾಡಿ, ಬೇರೆ ಮಾತು ಬೇಡ,” ಎಂದಳು. ಅವಳು ಅಷ್ಟು ಬಿರುಸಾಗಿ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೆಲಸ ಮುಗಿಸಿದ. ತಮ್ಮ ಹಟಕ್ಕೆ ಬಿದ್ದು ಮುಂದಿನ ಭಾಗವನ್ನು ಆಯ್ತುಮೇಡಂ ಕೈಯಲ್ಲೇ ಮಾಡಿಸಿದ. ಎರಡು ಮಾಡೂ ಕೂಡುವ ಜಾಗ ಯಾರ ಪಾಲಿಗೆ ಎಂದು ಕೆಲಸದವರಲ್ಲಿ ಸ್ವಲ್ಪ ಜಗಳವಾಯಿತು. ಕಡೆಗೆ ಮೇಸ್ತ್ರಿಯೇ ಬಂದು ಅಲ್ಲಿ ತಗಡು ಹೊಡೆದುಹೋದ. ಕೂಲಿಯನ್ನು ಅಕ್ಕನೇ ಕೊಟ್ಟಳು. ತಮ್ಮ ಅದನ್ನು ನೋಡಿದ.

ಆಮೇಲೆ ಅವಳು ಒಂದು ಸಣ್ಣ ಸ್ಟೌ ಕೊಂಡು ತಂದಳು. ತನ್ನ ತಟ್ಟೆ ಲೋಟ ಎತ್ತಿಕೊಂಡು ಹೋದಳು. ತಮ್ಮನ ಹೆಂಡತಿ ಒಂದು ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತು ಅತ್ತಳು. “ಜನ ಏನಂತಾರೆ ಅತ್ತಿಗೆ, ಒಂದೇ ಮನೇಲಿ ಎರಡು ಒಲೆ?” ಅಕ್ಕ ಅವಳನ್ನು ಕೂರಿಸಿದಳು, ನೀರು ಕೊಟ್ಟಳು, ಮಗಳ ಕ್ಷೇಮ ವಿಚಾರಿಸಿದಳು. ಅವಳು ಹೋದ ಮೇಲೆ ತನ್ನ ಒಲೆ ಹಚ್ಚಿ ಕಾಫಿಗಿಟ್ಟಳು. ಕಾರ್ಖಾನೆಯಲ್ಲಿದ್ದಾಗ ಮೋಸ ಮಾಡಿದವರನ್ನು ಬೈದು ಕಳಿಸಿ, ಮರುವರ್ಷ ಮತ್ತೆ ಕರೆದು ಕೂರಿಸಿ ವ್ಯಾಪಾರ ಮಾಡುತ್ತಿದ್ದಳು. ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಇಲ್ಲಿಯೂ ಹಾಗೇ ಮಾಡಬಹುದೆಂದು ಕೆಲವು ದಿನ ಪ್ರಯತ್ನಪಟ್ಟಳು. ಆಗಲಿಲ್ಲ. ತಮ್ಮ ಎದುರಿಗೆ ಸಿಕ್ಕಾಗಲೆಲ್ಲ ಅವನು ಫೋನ್ ಹಿಡಿದು ಆ ಮಾತನ್ನು ಆಡಿದ್ದು ಯಾವ ದನಿಯಲ್ಲಿ ಎಂದು ಊಹಿಸುತ್ತಿದ್ದಳು. ತಗ್ಗಿದ ದನಿಯಲ್ಲಿ ಆಡಿದ್ದರೆ ಒಂದು ಥರ ನೋವು, ಮಾಮೂಲಿ ದನಿಯಲ್ಲಿ ಆಡಿದ್ದರೆ ಇನ್ನೊಂದು ಥರ.

ರಿಪೇರಿಯಾದ ಮೇಲಿನ ಮೊದಲ ದೊಡ್ಡ ಮಳೆ ಒಂದು ಬೆಳಿಗ್ಗೆ ಬಂತು. ಬಹಳ ಹೊತ್ತು ಬಿಡದೆ ಹೊಯ್ಯಿತು. ಮಳೆ ಸ್ವಲ್ಪ ತಗ್ಗಿದಾಗ ತಮ್ಮ ಕೊಡೆ ಹಿಡಿದು ಹಿತ್ತಲು ಸುತ್ತಿ ಬಂದು ಅವಳ ಬಾಗಿಲಲ್ಲಿ ನಿಂತ. ಅವನ ಪ್ಯಾಂಟಿನ ಕಾಲು ಮಂಡಿಯವರೆಗೆ ಒದ್ದೆಯಾಗಿತ್ತು. ಒಳಗಿನಿಂದಲೇ ಬರಬಹುದಿತ್ತು. ನಡುವಿನ ಬಾಗಿಲಿಗೆ ಅವಳ ಕಡೆಯಿಂದ ಚಿಲಕ ಹಾಕಿತ್ತು.

“ಸೋರ್ತಿದೆಯಾ?” ಎಂದ.

“ಇಲ್ಲ.”

“ನಮ್ಮ ಕಡೇನೂ ಇಲ್ಲ.”

“ಒಳ್ಳೇದಾಯ್ತು.”

ಅವನು ಇನ್ನೂ ನಿಂತಿದ್ದ. ಕೊಡೆಯಿಂದ ನೀರು ಅವನ ಭುಜದ ಮೇಲೆ ಇಳಿಯುತ್ತಿತ್ತು. ಒಳಗೆ ಬಾ ಎಂದರೆ ಬರುತ್ತಿದ್ದನೇನೋ. ಅವಳು ಸ್ಟೌವಿನ ಮೇಲಿನ ಹಾಲನ್ನು ನೋಡುತ್ತಾ ನಿಂತಳು. ಹಾಲು ಉಕ್ಕಿ, ಅವಳು ಅದನ್ನು ಇಳಿಸಿ ತಿರುಗುವ ಹೊತ್ತಿಗೆ ಅವನು ಹೋಗಿದ್ದ.