ಶೇಖರಣ್ಣನ ಆಂಪ್ಲಿಫೈಯರ್ ಪರೀಕ್ಷೆ

ಮುಂಬಯಿ ಮಲಾಡಿನ ಆ ಪುಟ್ಟ ಮನೆಯ ಹೊರಕೋಣೆಯಲ್ಲಿ ಅರ್ಧ ಜಾಗವನ್ನು ಶೇಖರಣ್ಣನ ಅಕ್ಕ ಕೊಟ್ಟ ದಿವಾನ್ ಮಂಚ ನುಂಗಿತ್ತು. ಉಳಿದರ್ಧವನ್ನು ಈಗ ಪೆಡಲ್ ಸ್ಟೀಲ್ ಗಿಟಾರ್ ನುಂಗಿತು. ಗಿಟಾರ್ ಎಂದರೆ ಹೆಗಲಿಗೆ ನೇತುಹಾಕುವಂಥದ್ದು ಎಂದು ಹೆಂಡತಿ ವಸಂತಿ ತಿಳಿದಿದ್ದಳು. ಇದು ನೋಡಿದರೆ ನಾಲ್ಕು ಕಾಲಿನ ಮೇಜು. ಮೇಲೆ ತಂತಿ, ಕೆಳಗೆ ಪೆಡಲು. ಬಾರಿಸಲು ಕೈಕಾಲು ಸಾಲದೆ ಮೊಣಕಾಲೂ ಬೇಕು. ಹರೆಯದಲ್ಲಿ ಆರ್ಕೆಸ್ಟ್ರಾದಲ್ಲಿ ಒಟ್ಟಿಗೆ ಬಾರಿಸಿದ ಹಳೆಯ ಗೆಳೆಯನೊಬ್ಬ ಮುಂಬಯಿ ಬಿಟ್ಟು ಗೋವೆಗೆ ಹೊರಟಾಗ ಕೊಟ್ಟು ಹೋಗಿದ್ದ. ಬಂದ ನೆಂಟರು ಅದರ ಮೇಲೆ ಚಹದ ಕಪ್ಪು ಇಡುವಾಗ ಶೇಖರಣ್ಣನ ಜೀವ ಬಾಯಿಗೆ ಬರುತ್ತಿತ್ತು.

“ಶನಿವಾರ ನಮ್ಮ ಬಿಲ್ಡಿಂಗ್ ಸೊಸೈಟಿ ಭಜನೆಯಲ್ಲಿ ಬಾರಿಸಿ,” ಎಂದಳು ವಸಂತಿ. “ಕೇಳುವ ಹಾಗೆ ಉಂಟಾದ್ರೆ ಇರ್ಲಿ. ಇಲ್ಲದಿದ್ರೆ ಭಾನುವಾರ ಟೆಂಪೊ ತರಿಸಿ ನಿಮ್ಮ ಹೋಟೆಲಿನ ಅಟ್ಟಕ್ಕೆ. ಎಂತ ಹೇಳ್ತೀರಿ?”

ಶೇಖರಣ್ಣ ತಲೆಯಾಡಿಸಿದ. ಹರೆಯದಲ್ಲಿ ಬಿಟ್ಟ ಹುಚ್ಚು ಈಗಷ್ಟೇ ಮತ್ತೆ ಹಿಡಿದಿತ್ತು. ಆ ಅಟ್ಟ ಹತ್ತಿದ್ದು ಇಳಿದ ಚರಿತ್ರೆಯೇ ಇಲ್ಲ. ಅಪ್ಪನ ಕಾಲದ ರುಬ್ಬುವ ಕಲ್ಲು ಇನ್ನೂ ಅಲ್ಲೇ ಕೂತಿದೆ. ಆದರೆ ಆಂಪ್ಲಿಫೈಯರ್ ಇಲ್ಲದೆ ಈ ವಾದ್ಯಕ್ಕೆ ಸೊಳ್ಳೆಯಷ್ಟೂ ದನಿಯಿಲ್ಲ.

ಅಂಧೇರಿಯ ಸಂಗೀತದಂಗಡಿಯ ಅಮೋಲ್ ಎರಡು ತೋರಿಸಿದ. ಒಂದು ಚಿಕ್ಕದು, ಇನ್ನೊಂದು ಅಕ್ಕಿ ಡ್ರಮ್ಮಿನಷ್ಟು ದೊಡ್ಡದು. “ಅಣ್ಣಾ, ಸ್ಟೀಲ್ ಕೇ ಲಿಯೇ ಬಡಾ ವಾಲಾ. ವಾಲ್ಯೂಮ್ ಆಧಾ ರಖೋ, ಬಸ್,” ಎಂದ. ದೊಡ್ಡದನ್ನು ದಾಟಿಸುವುದು ಅಂಗಡಿಯವರ ಧರ್ಮ ಎಂದು ಶೇಖರಣ್ಣ ಒಳಗೇ ನಕ್ಕ. ಫೋರ್ಟಿನ ಅವನ ಉಡುಪಿ ಹೋಟೆಲಿನಲ್ಲಿ ಕಾಫಿಪುಡಿಯಿಂದ ಹಿಡಿದು ಅಡಿಗೆ ಭಟ್ಟರವರೆಗೆ ಯಾವುದನ್ನೂ ಮಧ್ಯಾಹ್ನದ ರಶ್ಶಿನಲ್ಲಿ ಗಿರಾಕಿಗಳ ಮುಂದಿಟ್ಟು ನೋಡದೆ ಒಪ್ಪಿದ್ದಿಲ್ಲ. ಆಂಪ್ಲಿಫೈಯರ್ ಏನು ಆಕಾಶದಿಂದ ಇಳಿದದ್ದೇ? ಗಿಟಾರಿನ ಜೊತೆ ಎರಡನ್ನೂ ಹೋಟೆಲಿಗೆ ತರಿಸಿದ.

ಊಟದ ಹೊತ್ತು. ತಟ್ಟೆಗಳ ಠಣಠಣ, ಮಿಕ್ಸಿಯ ಗರಗರ, ಅದರ ಮೇಲೆ “ದೋ ಮಸಾಲಾ, ಏಕ್ ಇಡ್ಲಿ” ಎಂಬ ಕೂಗು. ಅಮೋಲ್ ಹೇಳಿದಂತೆ ಅರ್ಧಕ್ಕೆ ಇಟ್ಟ ದೊಡ್ಡದರ ದನಿ ಆ ಗಲಾಟೆಯಲ್ಲಿ ಮುಳುಗಿಯೇ ಹೋಯಿತು. ಚಿಕ್ಕದನ್ನು ಪೂರ್ತಿ ತಿರುಗಿಸಿದ್ದೇ ತಡ, ಮೂಲೆ ಮೇಜಿನ ವಕೀಲರ ಕೈಯ ವಡೆ ಸಾಂಬಾರಿಗೆ ಬಿತ್ತು. “ಅಬ್ ಸುನಾಯಿ ದಿಯಾ, ಅಣ್ಣಾ!” ಎಂದರು ಅವರು. ಈಗ ಕೇಳಿಸಿತಂತೆ. ಗಿರಾಕಿ ಒಪ್ಪಿದರೆ ದೇವರು ಒಪ್ಪಿದ ಹಾಗೆ. ದೊಡ್ಡದು ಅಂಗಡಿಗೆ ಮರಳಿತು, ಗಿಟಾರಿನ ಜೊತೆ ಚಿಕ್ಕದೇ ಮಲಾಡಿಗೆ ಬಂತು.

ಶನಿವಾರದ ಭಜನೆಯಲ್ಲಿ ಮಿಕ್ಸಿಯೂ ಇರಲಿಲ್ಲ, ತಟ್ಟೆಗಳೂ ಇರಲಿಲ್ಲ. ಇದ್ದದ್ದು ತಾಳ ಮತ್ತು ಹಾರ್ಮೋನಿಯಂ. ಹೋಟೆಲಿನಲ್ಲಿ ಗೆದ್ದ ಮಟ್ಟಕ್ಕೇ ತಿರುಗಿಸಿ ಶೇಖರಣ್ಣ ತಂತಿಯ ಮೇಲೆ ಉಕ್ಕಿನ ಕಂಬಿ ಜಾರಿಸಿದ. ಬಂದದ್ದು ನಾದವಲ್ಲ, ಹರಕು ಅರಚಾಟ. ಆರತಿ ಹಿಡಿದ ಪುರೋಹಿತರು ಹಿಂದೆ ಸರಿದರು, ಯಾರದೋ ಮಡಿಲಲ್ಲಿ ಮಲಗಿದ್ದ ಕೂಸು ಎದ್ದು ಕಿರುಚಿತು. ಗಾಬರಿಯಿಂದ ತಗ್ಗಿಸಿದರೆ ದನಿ ಪೀಚಲಾಗಿ ಹಾರ್ಮೋನಿಯಂ ಕೆಳಗೆ ಸತ್ತೇ ಹೋಯಿತು. ವಸಂತಿ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆಕೆ ಅಲ್ಲಿಂದಲೇ ಟೆಂಪೊದವನಿಗೆ ಫೋನ್ ಮಾಡಿದಳು.

ಭಾನುವಾರ ಬೆಳಿಗ್ಗೆ ಅವಳನ್ನು ಒಲಿಸಲೆಂದು ಶೇಖರಣ್ಣ ತಾನೇ ಹಾಲು ಕಾಯಿಸಲು ನಿಂತ. ಕೈಗೆ ಸಿಕ್ಕಿದ ಸಣ್ಣ ಪಾತ್ರೆಗೆ ಕಂಠಮಟ್ಟ ಸುರಿದ. ಹಾಲು ಉಕ್ಕಿ ಗ್ಯಾಸಿನ ಮೇಲೆಲ್ಲ ಹರಿಯಿತು.

“ಹೋಟೆಲ್ ನಡೆಸುವವರಾ ನೀವು? ದೊಡ್ಡ ಪಾತ್ರೆಯಲ್ಲಿ ಅರ್ಧ ಇಟ್ಟಿದ್ರೆ ಹೀಗೆ ಉಕ್ತಿತ್ತಾ?”

ಶೇಖರಣ್ಣ ಮಸಿಬಟ್ಟೆ ಹಿಡಿದು ನಿಂತಲ್ಲೇ ನಿಂತ. ಅಮೋಲ್ ಹೇಳಿದ್ದೂ ಇದನ್ನೇ ಅಲ್ಲವೇ? ಚಿಕ್ಕ ಪೆಟ್ಟಿಗೆಗೆ ಕಂಠಮಟ್ಟ ತುಂಬಿದ್ದಕ್ಕೇ ಸ್ವರ ಉಕ್ಕಿ ಚೆಲ್ಲಿದ್ದು! ಹೋಟೆಲಿನ ಗಲಾಟೆಯಲ್ಲಿ ಅದು ಗೊತ್ತಾಗಿರಲಿಲ್ಲ, ಅಷ್ಟೆ. ಹಾಲು ಒರೆಸುವುದನ್ನೂ ಮರೆತು ಅಮೋಲನಿಗೆ ಫೋನ್ ಮಾಡಿದ. ಬರುವ ಟೆಂಪೊ ಅಂಧೇರಿಯಿಂದ ದೊಡ್ಡದನ್ನು ಹೊತ್ತು ಬರಲಿ ಎಂದ.

“ಒಂದೇ ಒಂದು ಪದ್ಯ ಕೇಳು ಮಾರಾಯ್ತಿ,” ಎಂದು ಹೆಂಡತಿಗೆ ಕೈಮುಗಿದ. “ಆಮೇಲೆ ಅಟ್ಟಕ್ಕಾದ್ರೂ ಹಾಕು, ಸಮುದ್ರಕ್ಕಾದ್ರೂ ಹಾಕು.”

ಟೆಂಪೊ ಬಂತು. ದೊಡ್ಡ ಪೆಟ್ಟಿಗೆ ಮೇಲೇರಿತು, ಟೆಂಪೊದವನು ಕೆಳಗೆ ಹೋಗಿ ಹಾರ್ನ್ ಒತ್ತತೊಡಗಿದ. ಮಗಳು ನಿಶ್ಮಿತಾ ಸಣ್ಣವಳಿದ್ದಾಗ ವಸಂತಿ ಹಾಡುತ್ತಿದ್ದ ಜೋಗುಳವನ್ನು ಶೇಖರಣ್ಣ ಎತ್ತಿಕೊಂಡ. ಅರ್ಧಕ್ಕೆ ಇಟ್ಟ ಪೆಟ್ಟಿಗೆಯಿಂದ ಸ್ವರ ತುಂಬಿಕೊಂಡು ಬಂತು. ಪೆಡಲ್ ಒತ್ತಿದಾಗ ಬಾಗಿ ಇನ್ನೊಂದು ಸ್ವರವಾಯಿತು, ಎಲ್ಲೂ ಒಡೆಯಲಿಲ್ಲ. ಅವನಿಗೆ ತಲೆಯೆತ್ತಿ ನೋಡಲು ಹೆದರಿಕೆ. ಎರಡನೆಯ ಸಾಲಿಗೆ ಅಡುಗೆಮನೆ ಬಾಗಿಲಿನಿಂದ ಒಂದು ದನಿ ಬಂದು ಸೇರಿಕೊಂಡಿತು. ನಿಶ್ಮಿತಾ ಮದುವೆಯಾಗಿ ಪುಣೆಗೆ ಹೋದ ಮೇಲೆ ವಸಂತಿ ಹಾಡಿದ್ದನ್ನು ಅವನು ಕೇಳಿಯೇ ಇರಲಿಲ್ಲ. ಖುಷಿಗೆ ಅವನ ಕಣ್ಣು ತುಂಬಿತು.

ಅಷ್ಟರಲ್ಲಿ ಟೆಂಪೊದವನು ಬೆವರು ಸುರಿಸುತ್ತ ಮತ್ತೆ ಮೇಲೆ ಬಂದ. “ಭಾಭಿ, ಕ್ಯಾ ಲೇಕೆ ಜಾನೇ ಕಾ ಹೈ?” ಒಯ್ಯುವುದು ಏನನ್ನು ಎಂಬುದು ಅವನ ಪ್ರಶ್ನೆ.

ವಸಂತಿ ಕೋಣೆಯನ್ನೊಮ್ಮೆ ನೋಡಿದಳು. ಗಿಟಾರ್, ಪೆಟ್ಟಿಗೆ, ದಿವಾನ್. ಮನುಷ್ಯರು ತಿರುಗಲು ಜಾಗವಿರಲಿಲ್ಲ.

“ವೋ ದಿವಾನ್ ಲೇಕೆ ಜಾವ್,” ಎಂದು ನಾದಿನಿ ಕೊಟ್ಟ ಮಂಚದತ್ತ ಬೆರಳು ತೋರಿದಳು.

ಶೇಖರಣ್ಣ ಬೆಚ್ಚಿಬಿದ್ದ. “ಅಕ್ಕ ಕೇಳಿದ್ರೆ ಎಂತ ಹೇಳುವುದು?”

“ಹೋಟೆಲಿನ ಅಟ್ಟದಲ್ಲಿ ಭದ್ರವಾಗಿ ಉಂಟು ಅಂತ ಹೇಳಿ,” ಎಂದು ವಸಂತಿ ಅಲ್ಲೇ ನೆಲದ ಮೇಲೆ ಕಾಲು ಮಡಚಿ ಕೂತಳು. “ಈಗ ಮೊದಲಿನಿಂದ ಬಾರಿಸಿ.”