ಹಿಂದಕ್ಕೆ ನಡೆಯುವ ಬೋರ್ಡಣ್ಣ

ಬೋರ್ಡಣ್ಣ ಹಿಂದಕ್ಕೆ ನಡೆಯುತ್ತಿದ್ದರು. ನಲವತ್ತು ವರ್ಷ ಅಂಗಡಿಗಳ ನೆತ್ತಿಯ ಮೇಲೆ ಹೆಸರು ಬರೆದು, ಒಂದೊಂದು ಅಕ್ಷರಕ್ಕೂ ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದ ಅಭ್ಯಾಸ ಅವರ ಕಾಲುಗಳಿಗೆ ಎಷ್ಟು ಇಳಿದುಹೋಗಿತ್ತೆಂದರೆ, ಟೀ ಲೋಟವನ್ನು ಮೇಜಿನ ಮೇಲಿಟ್ಟರೂ ನಾಲ್ಕು ಹೆಜ್ಜೆ ಹಿಂದೆ ಹೋಗಿ ಅದು ನೆಟ್ಟಗೆ ಕೂತಿದೆಯೇ ಎಂದು ಪರೀಕ್ಷಿಸುತ್ತಿದ್ದರು. ನಮ್ಮ ಪರಿಚಯವಾದದ್ದೂ ಹಾಗೆಯೇ. ಫಿಸಿಯೋಥೆರಪಿಯ ಚಿಕಿತ್ಸಾಲಯದ ಫಲಕವನ್ನು ನೋಡುತ್ತ ನೋಡುತ್ತ ಹಿಂದೆ ಬಂದ ಅವರ ಬೆನ್ನು, ಒಳಗೆ ಹೋಗಲು ಧೈರ್ಯ ಸಾಲದೆ ಬಾಗಿಲಲ್ಲಿ ನಿಂತಿದ್ದ ನನ್ನ ಬಲಭುಜಕ್ಕೆ ಬಡಿಯಿತು. ನಾನು ಅಯ್ಯೋ ಎಂದೆ. ಗಕ್ಕನೆ ತಿರುಗಿದ್ದಕ್ಕೆ ಅವರೂ ಅಯ್ಯೋ ಎಂದರು. ಕ್ಷಮೆ ಕೇಳಲು ಕೈಯೆತ್ತಹೋಗಿ ಇಬ್ಬರ ಕೈಯೂ ಅರ್ಧದಲ್ಲೇ ನಿಂತಾಗ, ಹೆಸರು ತಿಳಿಯುವ ಮೊದಲೇ ನಮಗೆ ಪರಸ್ಪರರ ಕಾಯಿಲೆ ತಿಳಿಯಿತು.

ನನ್ನ ಭುಜ ಕೆಟ್ಟ ಕಥೆ ಹೇಳಿಕೊಳ್ಳುವಂಥದ್ದಲ್ಲ. ಕುರ್ಚಿಯಿಂದ ಏಳಲಾರದೆ, ಬೆನ್ನ ಹಿಂದಿನ ಕಪಾಟಿನಿಂದ ದಪ್ಪ ನಿಘಂಟೊಂದನ್ನು ಕೈ ತಿರುಚಿ ಎಳೆದದ್ದು. ಅದೂ ‘ಆಲಸ್ಯ’ಕ್ಕೆ ಇನ್ನೊಂದು ಪದ ಹುಡುಕುವುದಕ್ಕಾಗಿ. ಬೋರ್ಡಣ್ಣನ ಭುಜ ಮಾತ್ರ ಗೌರವಯುತವಾಗಿ ಕೆಟ್ಟಿತ್ತು. ಎತ್ತಿದ ಕೈ ಇಳಿಸದೆ ದುಡಿದ ಆ ಕೀಲು, ಅರುವತ್ತೆರಡನೆಯ ವಯಸ್ಸಿನಲ್ಲಿ ಬಿಗಿದುಕೊಂಡು, ಎದೆಯ ಮಟ್ಟದಿಂದ ಮೇಲಕ್ಕೆ ತಾನು ಬರುವುದಿಲ್ಲವೆಂದು ಮುಷ್ಕರ ಹೂಡಿತ್ತು. ಎಂಟು ವಾರಕ್ಕೆ ಸರಿಯಾಗಿ ಮಗಳ ಕನ್ನಡಕದ ಅಂಗಡಿ ತೆರೆಯುವುದಿತ್ತು. ಆ ಬೀದಿಯ ಅರ್ಧ ಅಂಗಡಿಗಳಿಗೆ ಹೆಸರಿಟ್ಟ ಕೈ, ಸ್ವಂತ ಮಗಳ ಶಟರಿನ ಮೇಲಿನ ಗೋಡೆಗೆ ಏಳುತ್ತಿರಲಿಲ್ಲ.

ತಂದೆಯನ್ನು ದಿನವೂ ಸ್ಕೂಟರಿನಲ್ಲಿ ಕರೆತರುತ್ತಿದ್ದ ಮಗಳು ವ್ಯವಹಾರಸ್ಥೆ.

“ಅಪ್ಪ, ಹಲಗೇನ ಮೇಜಿನ ಮೇಲಿಟ್ಟು ಬರಿ, ಆಮೇಲೆ ಏರಿಸೋಣ. ಇಲ್ಲಾಂದ್ರೆ ಎತ್ತರದ ಏಣಿ ತರ್ತೀನಿ, ಮೇಲೆ ನಿಂತು ಬರಿ. ಕೈ ಎತ್ತೋ ಗೋಜೇ ಇಲ್ಲ.”

“ಮಲಗಿಸಿ ಬರೆದ ಅಕ್ಷರ ಎದ್ದು ನಿಂತ್ರೂ ಮಲಗಿದ ಹಾಗೇ ಇರತ್ತೆ ಕಣಮ್ಮ. ಓದೋರು ಕೆಳಗಿಂದ ಕತ್ತೆತ್ತಿ ಓದ್ತಾರೆ. ಬರೆಯೋನೂ ಕೆಳಗಿಂದಾನೇ ಕತ್ತೆತ್ತಿ ಬರೀಬೇಕು.”

“ಹಾಗಾದ್ರೆ ಫ್ಲೆಕ್ಸೇ ಗತಿ.”

“ಹಾಕ್ಸು. ನಾನು ನಿನ್ನ ಅಂಗಡಿಗೆ ಹಿಂಬಾಗಿಲಿಂದ ಬರ್ತೀನಿ.”

ಅವರಿಗೊಂದು ಖಾಕಿ ಕೋಟಿತ್ತು. ಅದರ ಮೇಲಿನ ಒಂದೊಂದು ಬಣ್ಣದ ಕಲೆಯನ್ನೂ ತೋರಿಸಿ ಅದು ಯಾವ ಅಂಗಡಿಯದೆಂದು ಹೇಳಬಲ್ಲವರಾಗಿದ್ದರು. ತೋಳಿನ ಹಸಿರು ಔಷಧಿ ಅಂಗಡಿಯದು, ಕಾಲರಿನ ಕೆಂಪು ಬೀಗದ ಅಂಗಡಿಯದು. ನೋವಿಗೆ ಲೇಸರ್ ಬೆಳಕು ಕೊಡಲು ಭುಜ ಬರಿದಾಗಬೇಕು, ಭುಜ ಬರಿದಾಗಲು ಕೋಟು ಕಳಚಬೇಕು, ಬಿಗಿದ ಭುಜದಿಂದ ಕೋಟು ಕಳಚುವುದೆಂದರೆ ಅದೇ ಒಂದು ವ್ಯಾಯಾಮ. ಅಂಗಿಯಲ್ಲೇ ಬನ್ನಿ ಎಂದು ಡಾಕ್ಟ್ರಮ್ಮ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಕೋಟಿಲ್ಲದೆ ಬಂದರೆ ಕೈಗೆ ತಾನು ಯಾರ ಕೈಯೆಂಬುದೇ ಮರೆತುಹೋಗುತ್ತದೆ ಎಂದರು.

ಡಾಕ್ಟ್ರಮ್ಮ ಎಂದು ನಾವೆಲ್ಲ ಕರೆಯುತ್ತಿದ್ದುದು ಚಿಕಿತ್ಸಾಲಯ ನಡೆಸುತ್ತಿದ್ದ ಮಹಿಳೆಯನ್ನು. ಮಾತು ಮೃದು, ಹಿಡಿತ ಕಬ್ಬಿಣ. ನಮ್ಮ ಕಣ್ಣಿಗೆ ಕಡುಹಸಿರು ಕನ್ನಡಕ ಹಾಕಿಸಿ, ದಪ್ಪ ಪೆನ್ನಿನಂಥ ಲೇಸರ್ ಉಪಕರಣವನ್ನು ಭುಜದ ನೋವಿನ ಜಾಗಗಳಿಗೆ ಒಂದೊಂದಾಗಿ ಒತ್ತಿ ಹಿಡಿಯುತ್ತಿದ್ದರು.

“ಡಾಕ್ಟ್ರಮ್ಮ, ಏನೂ ಗೊತ್ತಾಗ್ತಾ ಇಲ್ಲ. ಸ್ವಿಚ್ ಹಾಕಿದ್ದೀರಾ?”

“ಹಾಕಿದ್ದೀನಿ ಬೋರ್ಡಣ್ಣ. ಇದು ಸುಡಲ್ಲ. ನೋವನ್ನ ಸ್ವಲ್ಪ ತಗ್ಗಿಸಬಹುದು, ಅಷ್ಟೇ. ಕೈ ಏಳ್ಬೇಕಂದ್ರೆ ನೀವೇ ಎತ್ತಬೇಕು.”

ಬೆಳಕೇ ಎಲ್ಲವನ್ನೂ ಮಾಡಿಬಿಡುತ್ತದೆ, ನಾನು ಮಲಗಿದ್ದರೆ ಸಾಕು ಎಂದು ನಂಬಿ ಬಂದಿದ್ದ ನನ್ನ ಮುಖ ಈ ಮಾತಿಗೆ ಬಾಡಿತು. ಬೋರ್ಡಣ್ಣನಿಗೆ ಮಾತ್ರ ಸಮಾಧಾನವಾಯಿತು.

“ಹಾಗನ್ನಿ. ಇದು ತಳಕ್ಕೆ ಬಳಿಯೋ ಪ್ರೈಮರ್. ಬಣ್ಣ ನಾವು ಬಳೀಬೇಕು.”

ಬಣ್ಣ ಬಳಿಯುವ ಕೆಲಸ ಮೇಜಿಗೆ ಎಡಗೈ ಊರಿ, ಬಗ್ಗಿ, ಬಲಗೈಯನ್ನು ಲೋಲಕದ ಹಾಗೆ ಇಳಿಬಿಟ್ಟು, ಗಾಳಿಯಲ್ಲಿ ವೃತ್ತ ಹಾಕುವುದರಿಂದ ಮೊದಲಾಗುತ್ತಿತ್ತು. ನಾನು ಹಾಕುತ್ತಿದ್ದ ವೃತ್ತಗಳು ನೆಲಕ್ಕುರುಳಿದ ಮೊಟ್ಟೆಯಂತಿದ್ದವು. ಪಕ್ಕದ ಮೇಜಿನಲ್ಲಿ ಬೋರ್ಡಣ್ಣ ಬರೆಯುತ್ತಿದ್ದರು. ವೃತ್ತವೆಂದರೆ ಅವರಿಗೆ ‘ಠ’. ಅದು ಮುಗಿದರೆ ‘ರ’, ಆಮೇಲೆ ಬಿಡುವಾಗಿ, ಬಾಲ ಎಳೆದು, ‘ಅ’. ನಮ್ಮ ಲಿಪಿಯನ್ನು ಮಾಡಿದವನಿಗೆ ಭುಜ ನೋವಿದ್ದಿರಬೇಕೆಂದು ನಾನು ತಮಾಷೆ ಮಾಡಿದಾಗ, ಅವರು ತೂಗುವ ಕೈ ನಿಲ್ಲಿಸದೆ ಹೇಳಿದರು: “ನೀವೂ ಬರೆಯೋರೇ, ನಾನೂ ಬರೆಯೋನೇ. ನಿಮ್ಮದು ಕೂತು ಬರೆಯೋದು, ಅದಕ್ಕೇ ಬಾಯಿ ಜಾಸ್ತಿ.”

ಆಮೇಲೆ ಗೋಡೆ. ಎದೆಯ ಮಟ್ಟದಿಂದ ಮೇಲಕ್ಕೆ ಒಂದರ ಮೇಲೊಂದು ನೀಲಿ ಗೆರೆಗಳು, ಪಕ್ಕದಲ್ಲಿ ಸಂಖ್ಯೆಗಳು. ಬೆರಳುಗಳನ್ನು ಇರುವೆಯಂತೆ ಹತ್ತಿಸಿ, ದಿನದಿನಕ್ಕೂ ಮೇಲಿನ ಗೆರೆ ಮುಟ್ಟಬೇಕು. ಆ ಗೆರೆಗಳನ್ನು ಒಂಬತ್ತು ವರ್ಷದ ಹಿಂದೆ, ಚಿಕಿತ್ಸಾಲಯದ ಫಲಕದ ಜೊತೆಗೇ ಬರೆದುಕೊಟ್ಟವರು ಸ್ವತಃ ಬೋರ್ಡಣ್ಣ. “ಸ್ಕೇಲೇ ಮುಟ್ಟಿಲ್ಲ, ಕಣ್ಣಳತೆ. ದೂರದಿಂದ ನೋಡಿ,” ಎಂದು ಮೊದಲ ದಿನವೇ ನನ್ನನ್ನು ಹಿಂದಕ್ಕೆ ನಡೆಸಿದ್ದರು. ‘ದೂರದಿಂದ ನೋಡಿ’ ಎನ್ನುವುದು ಅವರ ಬಾಯಲ್ಲಿ ಸದಾ ಇದ್ದ ಮಾತು. ತಮ್ಮ ಎಕ್ಸ್-ರೇಯನ್ನೂ ಅವರು ಹಾಗೆಯೇ ತೋರಿಸಿದ್ದರು.

ಮೂರು ವಾರದಲ್ಲಿ ಅವರು ಹನ್ನೆರಡನೆಯ ಗೆರೆಗೆ ಬಂದರು. ಅಲ್ಲಿಗೆ ನಿಂತರು. ಹತ್ತು ದಿನ, ದಿನಕ್ಕೆ ಮೂರು ಹೊತ್ತು, ಹಲ್ಲು ಕಚ್ಚಿ ಹತ್ತಿಸಿದರೂ ಕೊನೆಯ ಗೆರೆ ಹದಿಮೂರು ಕೈಗೆಟುಕಲಿಲ್ಲ. ಮೇಲಕ್ಕೆ ಹೋದ ಹಾಗೆ ಕಷ್ಟವೇ, ಎಲ್ಲರೂ ಅಲ್ಲೇ ಸೋಮಾರಿಗಳಾಗುವುದು ಎಂದರು ಡಾಕ್ಟ್ರಮ್ಮ. ಹನ್ನೊಂದರಲ್ಲಿ ಸಂಸಾರ ಹೂಡಿ ಸುಖವಾಗಿದ್ದ ನಾನು ತಲೆಯಾಡಿಸಿದೆ. ಮಗಳು ಫ್ಲೆಕ್ಸಿನ ನಮೂನೆಗಳನ್ನು ಫೋನಿನಲ್ಲಿ ತೋರಿಸತೊಡಗಿದ್ದಳು. ಬೋರ್ಡಣ್ಣ ಅದರತ್ತ ನೋಡಲಿಲ್ಲ; ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಗೋಡೆ ನೋಡಿದರು.

“ಎಲ್ಲಾ ಸಮ ಕಾಣ್ತಿದೆ.”

“ನೀವೇ ಬರೆದದ್ದಲ್ವಾ,” ಎಂದೆ.

“ಇಲ್ಲಿಂದ ಸಮ ಕಾಣಬಾರದು ಮೇಷ್ಟ್ರೇ. ಎಡಗೈಲಿ ಅಳೀರಿ.”

ನಾನು ಮೇಷ್ಟ್ರಲ್ಲ, ಬರೆಯುವವರೆಲ್ಲ ಅವರಿಗೆ ಮೇಷ್ಟ್ರು. ಸ್ಟೂಲು ಹತ್ತಿ ಅಳೆದೆ. ಕೆಳಗಿನ ಗೆರೆಗಳ ನಡುವೆ ಎರಡೆರಡು ಬೆರಳು. ಹನ್ನೆರಡಕ್ಕೂ ಹದಿಮೂರಕ್ಕೂ ನಡುವೆ ಮೂರೂವರೆ.

ಬೋರ್ಡಣ್ಣ ಕುರ್ಚಿಯಲ್ಲಿ ಕೂತರು. ಎತ್ತರದಲ್ಲಿರುವುದು ಕೆಳಗೆ ನಿಂತವನಿಗೆ ಕಿರಿದಾಗಿ ಕಾಣುತ್ತದೆ. ಆದ್ದರಿಂದ ಬೋರ್ಡು ಬರೆಯುವವನು ಮೇಲಕ್ಕೆ ಹೋದಂತೆ ಅಳತೆ ಹಿಗ್ಗಿಸುತ್ತಾನೆ. ಕೈಯಲ್ಲಿ ಕೂತ ಆ ವಿದ್ಯೆ, ಇದು ಓದುವ ಗೋಡೆಯಲ್ಲ, ಹತ್ತುವ ಗೋಡೆ ಎಂಬುದನ್ನು ಮರೆಸಿತ್ತು.

“ಒಂಬತ್ತು ವರ್ಷದಿಂದ ಎಷ್ಟು ಜನಕ್ಕೆ ಸೋಮಾರಿಗಳು ಅಂದಿದ್ದೀನಿ ಬೋರ್ಡಣ್ಣ,” ಎಂದರು ಡಾಕ್ಟ್ರಮ್ಮ.

ನಾನು ಖುಲಾಸೆಯಾದವನಂತೆ ಎದೆಯುಬ್ಬಿಸಿದೆ.

“ನೀವಲ್ಲ. ನೀವು ಹನ್ನೊಂದರಲ್ಲಿದ್ದೀರಿ. ಅಲ್ಲಿ ತನಕ ಗೆರೆ ಸರಿಯಾಗೇ ಇದೆ.”

ಗೋಡೆಗೆ ಸುಣ್ಣ ಹೊಡೆಸಿ, ಯಾರಿಂದಲಾದರೂ ಸ್ಕೇಲಿಟ್ಟು ಗೆರೆ ಹಾಕಿಸುವುದೆಂದು ಡಾಕ್ಟ್ರಮ್ಮ ತೀರ್ಮಾನಿಸಿದರು. ಬೋರ್ಡಣ್ಣ ಎದ್ದು ನಿಂತರು.

“ಇನ್ನೊಬ್ಬರ ಕೈ ಬೇಡ. ಹನ್ನೆರಡರ ಮೇಲೆ ಒಂದು ಗೆರೆ ಸೇರಿಸಿದ್ರೆ ಸಾಕು. ನನ್ನ ಕೈ ಅಲ್ಲಿಗೆ ಹೋದ ದಿನ ನಾನೇ ಸೇರಿಸ್ತೀನಿ.”

ಆ ದಿನದಿಂದ ಅವರನ್ನು ನೋಡಲು ಭಯವಾಗುತ್ತಿತ್ತು. ಕೋಲು ಹಿಡಿದು ಎತ್ತುವುದು, ರಬ್ಬರು ಪಟ್ಟಿ ಎಳೆಯುವುದು, ಹೆಗಲೆಲುಬುಗಳನ್ನು ಹಿಂದಕ್ಕೆ ಬಿಗಿಯುವುದು, ಎಲ್ಲವನ್ನೂ ಹೇಳಿದಷ್ಟೇ, ಹೇಳಿದ ಹೊತ್ತಿಗೇ ಮಾಡಿದರು. ಎರಡು ಪಟ್ಟು ಮಾಡಲೇ ಎಂದು ಒಮ್ಮೆ ಕೇಳಿದ್ದಕ್ಕೆ ಡಾಕ್ಟ್ರಮ್ಮ, “ಒದ್ದೆ ಬಣ್ಣದ ಮೇಲೆ ಇನ್ನೊಂದು ಕೋಟಿಂಗ್ ಹೊಡೀತೀರಾ?” ಎಂದರು. ಮತ್ತೆ ಕೇಳಲಿಲ್ಲ. ಆರನೆಯ ವಾರದ ಕೊನೆಯಲ್ಲಿ ಒಂದು ಬೆಳಿಗ್ಗೆ, ಕೋಟಿನ ಜೇಬಿನಿಂದ ಕುಂಚ ತೆಗೆದು, ನೆಲದ ಮೇಲೇ ನಿಂತು, ಬಲಗೈ ಎತ್ತಿ, ಹನ್ನೆರಡರ ಮೇಲೆ ಎರಡು ಬೆರಳು ಬಿಟ್ಟು ಒಂದು ಸಣ್ಣ ಗೆರೆ ಎಳೆದರು. ಪಕ್ಕದಲ್ಲಿ ಹಳೆಯ ಲೆಕ್ಕದ ಹನ್ನೆರಡೂವರೆ, ‘೧೨॥’ ಎಂದು ಬರೆದರು. ಮಗಳು ಫೋನಿನಲ್ಲಿದ್ದ ನಮೂನೆಗಳನ್ನು ಅಲ್ಲೇ ಅಳಿಸಿದಳು.

‘ಕನ್ನಡಕದ ಅಂಗಡಿ’ ಎಂಬುದರಲ್ಲಿ ಎಂಟು ಅಕ್ಷರ. ದಿನಕ್ಕೊಂದು, ಕಾಲು ಗಂಟೆ ಮೀರಬಾರದೆಂದು ಡಾಕ್ಟ್ರಮ್ಮನ ಆಜ್ಞೆ. ಅಂಗಡಿ ತೆರೆಯುವ ದಿನ ಬೆಳಿಗ್ಗೆ ಉಳಿದಿದ್ದುದು ‘ಡಿ’ ಒಂದೇ; ಅದರ ಗುಡಿಸು ಇಡೀ ಗೋಡೆಯಲ್ಲೇ ಎತ್ತರದ ಜಾಗ. ನಿಂತರೂ ಕತ್ತೆತ್ತಲೇಬೇಕಾದಷ್ಟು ತಗ್ಗಿನ ಬೆಂಚನ್ನು ಮಗಳು ಹಿಡಿದಿದ್ದಳು, ಬಣ್ಣದ ಡಬ್ಬಿಯನ್ನು ಎಡಗೈಯಲ್ಲಿ ನಾನು. ಅವರು ಉಸಿರು ಬಿಟ್ಟು, ತಡೆದು, ಗುಡಿಸು ಸುತ್ತಿದರು. ಇಳಿದರು. ಹಿಂದಕ್ಕೆ ನಡೆದರು: ಫುಟ್‌ಪಾತ್ ದಾಟಿ, ಬೀದಿ ದಾಟಿ. ಮಗಳು ನಡುಬೀದಿಯಲ್ಲಿ ಕೈ ಅಡ್ಡ ಹಿಡಿದು ಎರಡು ಸೈಕಲ್ಲು, ಒಂದು ವ್ಯಾನು ನಿಲ್ಲಿಸಿದಳು.

“ಗುಡಿಸು ಒಂದು ಎಳೆ ತಗ್ಗಿದೆ.”

“ಅಪ್ಪ, ಅದು ಯಾರಿಗೂ ಕಾಣಲ್ಲ. ನನ್ನ ಗಿರಾಕಿಗಳಿಗಂತೂ ಮೊದಲೇ ಕಾಣಲ್ಲ.”

“ಬರುವಾಗ ಕಾಣಲ್ಲ ಕಣಮ್ಮ. ಹೋಗುವಾಗ ಕಾಣತ್ತೆ.”

ಎಂದವರೇ ಬೀದಿ ದಾಟಿ ಬಂದು, ಬೆಂಚು ಹತ್ತಿ, ಆ ಕೈಯನ್ನು ಮತ್ತೊಮ್ಮೆ ಎತ್ತಿದರು.

ಇಂಥವರು ತಮ್ಮ ಕೆಲಸವನ್ನು ತಮ್ಮ ಕಣ್ಣಿನಿಂದ ನೋಡಿ ತೃಪ್ತರಾಗುವವರಲ್ಲ. ಬೀದಿಯ ಆಚೆ ಬದಿಯಲ್ಲಿ, ತಲೆಯೆತ್ತಿ ನಿಂತ ಯಾರೋ ಅಪರಿಚಿತನ ಕಣ್ಣೊಂದನ್ನು ತಮ್ಮೊಳಗೆ ಇಟ್ಟುಕೊಂಡೇ ಹುಟ್ಟಿರುತ್ತಾರೆ. ಅವರು ಹಿಂದೆ ಸರಿಯುವುದನ್ನು ಕಂಡು ಸೋತರೆಂದು ನಾವು ತಿಳಿಯುತ್ತೇವೆ. ತಪ್ಪು ಎಲ್ಲಿದೆಯೆಂದು ಕಂಡುಹಿಡಿದು, ನಾಲ್ಕು ಹೆಜ್ಜೆ ಮುಂದೆ ಬಂದು ತಿದ್ದುವುದಕ್ಕೆ ಅವರು ಅಷ್ಟು ಜಾಗ ಮಾಡಿಕೊಳ್ಳುತ್ತಿರುತ್ತಾರೆ, ಅಷ್ಟೇ. ತಿದ್ದುವಾಗ ನಮ್ಮಂಥ ಬಡಭುಜದವರಿಗಾಗಿ ನಡುವೆ ಒಂದು ಅರ್ಧ ಗೆರೆಯನ್ನೂ ಎಳೆದುಹೋಗುತ್ತಾರೆ. ಈ ವಾರ ನನ್ನ ಬೆರಳು ಅದರ ಮೇಲಿದೆ.