‘ಮಳೆ’ ಎಂಬ ಪದಕ್ಕೆ ಮುನ್ನ

ನವೆಂಬರ್ ತಿಂಗಳ ಅಪರಾಹ್ಣವೆಂದರೆ ಲಂಡನ್ನಿನ ವಾಯವ್ಯ ಭಾಗದಲ್ಲಿ ಹಗಲೂ ಅಲ್ಲ, ಇರುಳೂ ಅಲ್ಲ. ಗಾಯಕ್ಕೆ ಸುತ್ತಿದ ಹತ್ತಿಬಟ್ಟೆಯೊಳಗಿಂದ ರಕ್ತವು ಮೆಲ್ಲಮೆಲ್ಲನೆ ಹೊರಸೂಸುವಂತೆ, ಧೂಸರಮೇಘಗಳ ಪದರಗಳನ್ನು ಭೇದಿಸಿ ಅಸ್ತಮಾನದ ಅರುಣರಾಗವು ಕಿಂಗ್ಸ್‌ಬರಿಯ ಹೆಂಚಿನ ಮಾಡುಗಳ ಮೇಲೆ ಒಸರುವ ಕಾಲವದು... ಬೀದಿದೀಪಗಳು ಹೊತ್ತಿಗೆ ಮುಂಚೆಯೇ ಕಣ್ತೆರೆಯುತ್ತವೆ. ಎಲೆಯುದುರಿದ ಪ್ಲೇನ್ ಮರಗಳ ಕೊಂಬೆಗಳು ಯಾರನ್ನೋ ಬೇಡುವ ಕೈಗಳಂತೆ ಆಗಸಕ್ಕೆ ಚಾಚಿರುತ್ತವೆ. ಮಳೆ ಬೀಳುತ್ತಿದೆಯೆಂದು ಹೇಳಲಾಗದು. ಅದು ಗಾಳಿಯಲ್ಲಿ ತೂಗುತ್ತಿರುತ್ತದೆ, ಆಡಲಾರದೆ ತುಟಿಯಲ್ಲೇ ಉಳಿದ ಮಾತಿನಂತೆ! ಇಂಥ ಸಂಜೆಗಳು ಬಹಳ ಸುಂದರವೆಂದು ಆ ಊರಿಗೆ ಬಂದವರು ಚಿತ್ರ ತೆಗೆದುಕೊಳ್ಳುತ್ತಾರೆ. ಸೌಂದರ್ಯವನ್ನು ಕಂಡೊಡನೆ ಅದರ ಮೂಲವನ್ನು ವಿಚಾರಿಸುವ ವ್ಯವಧಾನ ಮನುಷ್ಯನಿಗೆ ಎಂದಿತ್ತು?

ಸಹೃದಯರೇ, ಇಂಥದೊಂದು ಸಂಜೆ ಅಲ್ಲಿನ ಶಾಲೆಯೊಂದರ ಸಭಾಂಗಣದಲ್ಲಿ ಕನ್ನಡಿಗರ ರಾಜ್ಯೋತ್ಸವ ನಡೆದಿತ್ತು. ವೇದಿಕೆಯ ಪರದೆಯ ಮರೆಯಲ್ಲಿ ತನ್ಮಯಿ ನಿಂತಿದ್ದಳು. ಈಸ್ಟ್ ಹ್ಯಾಮ್‌ನ ಹೈ ಸ್ಟ್ರೀಟಿನಲ್ಲಿ, ಕುಂದಾಪುರದಿಂದ ಬಂದ ಅಡುಗೆಯವರಾದ ಮಂಜಯ್ಯನವರ ಮಗಳಾಗಿ, ಉಪಾಹಾರಗೃಹದ ಮೇಲಿನ ಫ್ಲಾಟಿನಲ್ಲಿ ಹುಟ್ಟಿ ಬೆಳೆದವಳು. ತಾನೇ ಬರೆದು, ತಾನೇ ರಾಗ ಕಟ್ಟಿ ಹಾಡಿದ ಒಂದು ಇಂಗ್ಲಿಷ್ ಗೀತೆಯಿಂದ ಆ ದೇಶದ ಎದೆಯನ್ನೇ ಮಿಡಿದವಳು. ಟ್ಯೂಬ್ ರೈಲಿನಲ್ಲಿ, ಕಾಫಿ ಅಂಗಡಿಗಳಲ್ಲಿ, ಆಸ್ಪತ್ರೆಗಳ ಕಾಯುವ ಕೋಣೆಗಳಲ್ಲಿ ಆ ಗೀತೆ ಕೇಳಿಬರುತ್ತಿತ್ತು. ಅದರ ಮೂರನೆಯ ಚರಣದಲ್ಲಿ ಒಂದು ಸಾಲು: ‘ಕೊಡೆ ನಿನ್ನ ಕೈಯಲ್ಲಿತ್ತು, ಮಳೆ ನನ್ನ ಕೈಯಲ್ಲಿತ್ತು’ ಎಂಬರ್ಥದ್ದು. ‘ಮಳೆ’ ಎಂಬ ಪದಕ್ಕೆ ಮುನ್ನ ಅವಳ ಕಂಠ ಥಟ್ಟನೆ ತುಂಡಾಗುತ್ತದೆ. ಉಸಿರು ಒಳಕ್ಕೆ ಎಳೆದು, ಮುರಿದು, ಮತ್ತೆ ಸೇರಿಕೊಳ್ಳುತ್ತದೆ... ಅದಕ್ಕಾಗಿಯೇ ಜನ ಆ ಗೀತೆಯನ್ನು ಪ್ರೀತಿಸಿದರು. ಪತ್ರಿಕೆಗಳು ಅದನ್ನು ಆತ್ಮದ ಧ್ವನಿಯೆಂದು ಕೊಂಡಾಡಿದವು.

ಆ ಒಂದು ಸಾಲನ್ನು ಒಮ್ಮೆಯಾದರೂ ತುಂಡಾಗದೆ ಹಾಡಬೇಕು! ಎರಡು ವರ್ಷಗಳಿಂದ ತನ್ಮಯಿಗೆ ಇದ್ದ ಆಸೆ ಇದೊಂದೇ. ಅದೊಂದನ್ನೇ ಅವಳ ಗಂಡ ಶ್ರವಣ್ ಅವಳಿಗೆ ಕೊಡಲಿಲ್ಲ.

ಅವಳು ಅವನನ್ನು ಪ್ರೀತಿಸಿದ್ದಳು. ಈ ಮಾತನ್ನು ಮುಚ್ಚಿಟ್ಟರೆ ಕಥೆಯೇ ಸುಳ್ಳಾದೀತು. ಸ್ಟ್ರಾಟ್‌ಫರ್ಡಿನ ಪುಟ್ಟ ಪಬ್ಬೊಂದರಲ್ಲಿ, ಯಾರೂ ಕಿವಿಗೊಡದ ಗದ್ದಲದಲ್ಲಿ ಅವಳು ಹಾಡಿದಾಗ, ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಕಣ್ಮುಚ್ಚಿ ಕೇಳಿದ ಒಬ್ಬನೇ ಒಬ್ಬ ತರುಣ ಅವನು. ಹೊರಗೆ ವೈಶಾಖದ ಬೆಳಕು ಕಾಲುವೆಯ ನೀರಿನ ಮೇಲೆ ಚೂರುಚೂರಾಗಿ ಹೊಳೆಯುತ್ತಿತ್ತು. ಅವಳ ಚಳಿಗೆ ಅವನ ಕೋಟು, ಅವಳ ಮೌನಕ್ಕೆ ಅವನ ತಂತಿಗಳು... ಆ ವಸಂತದಲ್ಲಿ ಅವಳಿಗೆ ಲಂಡನ್ನೆಲ್ಲ ಹೂಬಿಟ್ಟಂತೆ ಕಂಡಿತ್ತು! ಅವನು ಮೈಸೂರಿನಿಂದ ಬಂದ ವೈದ್ಯ ದಂಪತಿ ತಿರುಮಲೇಶ ಮತ್ತು ರಜನಿಯವರ ಮಗನೆಂದು ತಿಳಿದಾಗ ಮಂಜಯ್ಯನವರ ಸಂಭ್ರಮಕ್ಕೆ ಮೇರೆಯೇ ಇರಲಿಲ್ಲ. “ಡಾಕ್ಟ್ರ್ ಮನಿ ಸಂಬಂಧ ಅಂಬ್ರ್. ಇನ್ ನನ್ ಬಿಪಿ ಮಾತ್ರೆಗೆ ಜಿಪಿ ಡಾಕ್ಟ್ರ ಕಾಲ್ ಹಿಡುದ್ ಬ್ಯಾಡ” ಎಂದು ದೋಸೆಯ ಕಾವಲಿಯ ಮುಂದೆ ನಿಂತು ಗಿರಾಕಿಗಳಿಗೆಲ್ಲ ಹೇಳಿದ್ದರು.

ಮದುವೆಯ ಅನಂತರ ಕ್ವೀನ್ಸ್‌ಬರಿಯ ಫ್ಲಾಟಿನ ಒಂದು ಕೋಣೆ ಧ್ವನಿಮುದ್ರಣದ ಕೋಣೆಯಾಯಿತು. ಗೋಡೆಗಳಿಗೆ ದಪ್ಪನೆಯ ಸ್ಪಂಜು ಹೊದಿಸಲಾಯಿತು. ಒಳಗಿನ ಧ್ವನಿ ಹೊರಗೆ ಹೋಗದಂತೆ ಕಟ್ಟಿದ ಕೋಣೆ ಹಾಡಿಗೂ ಒದಗುತ್ತದೆ, ಅನ್ಯಾಯಕ್ಕೂ ಒದಗುತ್ತದೆ! ಒಂದು ದಿನ ಆ ಗೀತೆಯ ಮೂರನೆಯ ಚರಣವನ್ನು ತನಗೆ ತೋಚಿದ ಹಾಗೆ, ಗಿಟಾರಿಲ್ಲದೆ ಬರಿಗಂಠದಲ್ಲಿ ಹಾಡುವೆನೆಂದು ಅವಳು ಹಟ ಹಿಡಿದಳು. ಹಾಡತೊಡಗಿದಳು. ಸಾಲಿನ ನಡುವೆ ಅವನು ಹಿಂದಿನಿಂದ ಬಂದು ಮುಷ್ಟಿಯಿಂದ ಅವಳ ಪಕ್ಕೆಲುಬಿಗೆ ಗುದ್ದಿದ. ಅವಳು ನಿಲ್ಲಿಸಲಿಲ್ಲ. ಹಿಡಿದ ಹಾಡನ್ನು ನಡುವೆ ಬಿಡಬಾರದು, ಶಾರದೆಗೆ ಅಪಚಾರವಾಗುತ್ತದೆಂದು ತಾಯಿ ಪ್ರಫುಲ್ಲಾ ದೇವರ ಮುಂದೆ ಕೂರಿಸಿ ಕಲಿಸಿದ ನಿಯಮ ಬಾಲ್ಯದಿಂದಲೂ ಅವಳ ರಕ್ತದಲ್ಲಿ ಬೆರೆತಿತ್ತು. ಮುರಿದ ಉಸಿರನ್ನು ಹೇಗೋ ಜೋಡಿಸಿಕೊಂಡು ‘ಮಳೆ’ ಎಂದಳು, ಚರಣವನ್ನು ಮುಗಿಸಿದಳು, ಆಮೇಲೆ ನೆಲಕ್ಕೆ ಕುಸಿದಳು.

ಅವನು ಧ್ವನಿಮುದ್ರಿಕೆಯನ್ನು ಮತ್ತೆ ಕೇಳಿದ. ಕೇಳುತ್ತ ಕೇಳುತ್ತ ಅವನ ಕಣ್ಣಲ್ಲಿ ನೀರು ಬಂತು! “ತನು, ಇದನ್ನ ಕೇಳು. ಆ ಒಂದು ಬ್ರೆತ್ ಇಲ್ಲ ಅಂದ್ರೆ ಈ ಹಾಡಲ್ಲಿ ಏನೂ ಇಲ್ಲ” ಎಂದ. ಆ ಧ್ವನಿಮುದ್ರಿಕೆಯೇ ಲೋಕದ ಕಿವಿಗೆ ಹೋಯಿತು.

ಸೊಸೆಯ ಪಕ್ಕೆಯ ಮೇಲೆ ಮೂಡಿದ ನೀಲಿಗೆ ಅತ್ತೆ ರಜನಿಯೇ ಮನೆಯಲ್ಲಿ ಪಟ್ಟಿ ಕಟ್ಟಿದರು. ಆಸ್ಪತ್ರೆಯಲ್ಲಿ ಗಾಯಗೊಂಡು ಬಂದ ಹೆಂಗಸರನ್ನೆಲ್ಲ ಪಕ್ಕಕ್ಕೆ ಕರೆದು, ಮನೆಯಲ್ಲಿ ನೀವು ಸುರಕ್ಷಿತವೇ ಎಂದು ಕೇಳುವುದು ಅವರ ನಿತ್ಯದ ಕರ್ತವ್ಯ. ತಮ್ಮ ಮನೆಯ ಹಾಸಿಗೆಯ ಅಂಚಿನಲ್ಲಿ ಕುಳಿತು ಅವರು ಕೇಳಿದ್ದು, ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ ತೆಗೆದುಕೊಳ್ಳಲಿಲ್ಲ ತಾನೇ ಎಂದಷ್ಟೇ. ವಿದ್ಯೆಗೆ ಇದಕ್ಕಿಂತ ದೊಡ್ಡ ಅವಮಾನ ಯಾವುದಿದ್ದೀತು!

ಅಂದಿನಿಂದ ಪ್ರತಿ ಸಂಗೀತ ಕಚೇರಿಯಲ್ಲೂ ಅವಳು ಆ ಪೆಟ್ಟನ್ನು ಹಾಡಬೇಕಾಯಿತು. ಒಮ್ಮೆ ಬ್ರಿಕ್ಸ್‌ಟನ್ನಿನಲ್ಲಿ ಸಾಲನ್ನು ಸರಳವಾಗಿ ಹಾಡಲು ಯತ್ನಿಸಿ ಅರ್ಧದಲ್ಲೇ ಹೆದರಿದಳು. ಆ ಅರ್ಧ ಯತ್ನಕ್ಕೇ ಮನೆಯಲ್ಲಿ ಅವಳ ಮಣಿಕಟ್ಟು ಬಾಗಿಲ ಸಂದಿಯಲ್ಲಿ ಸಿಕ್ಕಿ ಊದಿಕೊಂಡಿತು. ಮರುದಿನ ಅವನೇ ಆ ಮಣಿಕಟ್ಟಿಗೆ ಮಂಜಿನಗಡ್ಡೆ ಒತ್ತಿ, ಮಗುವಿನಂತೆ ಅತ್ತ. ಮಳೆ ನಿಂತ ಮೇಲಿನ ಬಿಸಿಲಿನಂಥ ಆ ಅಳುವನ್ನು ನಂಬಿ ಅವಳು ಅವನ ತಲೆ ನೇವರಿಸಿದಳು... ಅಯ್ಯೋ, ಹೃದಯವೆಂಬುದು ಎಷ್ಟು ಬೇಗ ಕ್ಷಮಿಸುತ್ತದೆ, ಎಷ್ಟು ತಡವಾಗಿ ಕಲಿಯುತ್ತದೆ!

ಇವೆಲ್ಲಕ್ಕಿಂತ ಕಠೋರವಾದ ಸಂಗತಿಯೆಂದರೆ ತಾಯಿಯ ಅಭಿಮಾನ. ಆ ತುಂಡಾದ ಉಸಿರು ತಾನು ಕಲಿಸಿದ ಸಂಗೀತದ ಫಲವೆಂದು ಪ್ರಫುಲ್ಲಾ ನಂಬಿದ್ದರು, ಕಂಡಕಂಡವರಿಗೆ ಹೇಳಿಕೊಂಡಿದ್ದರು. ನಾಚಿಕೆಯಿಂದ ಮಗಳು ತಿದ್ದಿರಲಿಲ್ಲ. ಈಗ ರಾಜ್ಯೋತ್ಸವಕ್ಕೆಂದು ಆ ಗೀತೆಯನ್ನು ಕನ್ನಡಕ್ಕೆ ತಂದು, ಸಂಘದ ಪುಟ್ಟ ಹೆಣ್ಣುಮಕ್ಕಳಿಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ್ದರು. ಶ್ರವಣ್ ಗಿಟಾರ್ ನುಡಿಸುವುದು, ಮೂರನೆಯ ಚರಣಕ್ಕೆ ತನ್ಮಯಿ ಮಕ್ಕಳ ಜೊತೆಗೂಡುವುದು ಎಂದು ಏರ್ಪಾಡು. ಪರದೆಯ ಮರೆಯಲ್ಲಿ ಹಲ್ಲುಬಿದ್ದ ಹುಡುಗಿಯೊಬ್ಬಳು ಪ್ರಫುಲ್ಲಾ ಅವರ ಸೆರಗು ಜಗ್ಗಿ ಕೇಳಿದಳು: “ಆಂಟಿ, ಈಸ್ ಇಟ್ ಲೈಕ್ ಎ ಹಿಕಪ್?”

“ಬಿಕ್ಕಳ್ಕಿ ಅಲ್ಲ ಪುಟ್ಟಿ, ಅದ್ ಗಮಕ. ನನ್ ಮಗಳ್ ಗಂಟ್ಲಂಗೆ ನಾನೇ ಇಟ್ಟದ್” ಎಂದರು ಪ್ರಫುಲ್ಲಾ.

ಪರದೆ ಸರಿಯಿತು. ದೀಪಗಳ ಹೊಂಬಣ್ಣದಲ್ಲಿ ಮಕ್ಕಳು ಮೊಗ್ಗಿನ ಸಾಲಿನಂತೆ ನಿಂತರು. ಮೊದಲ ಚರಣ, ಎರಡನೆಯ ಚರಣ... ಸಭೆ ತಲೆದೂಗಿತು. ಮೂರನೆಯದರಲ್ಲಿ ತನ್ಮಯಿ ಧ್ವನಿವರ್ಧಕದ ಮುಂದೆ ಬಂದು ನಿಂತಳು. ‘ಕೊಡೆ ನಿನ್ನ ಕೈಯಲ್ಲಿತ್ತು’ ಎಂದ ಆ ಎಳೆಯ ಕಂಠಗಳೆಲ್ಲ ಒಮ್ಮೆಗೇ ತುಂಡಾದವು. ಪುಟ್ಟ ಭುಜಗಳು ಕುಗ್ಗಿದವು. ಹಲ್ಲುಬಿದ್ದ ಹುಡುಗಿ ತನ್ನ ಪಕ್ಕೆಯನ್ನು ಕೈಯಿಂದ ಒತ್ತಿಕೊಂಡಳು, ವೀಡಿಯೊದಲ್ಲಿ ತನ್ಮಯಿ ಒತ್ತಿಕೊಳ್ಳುವುದನ್ನು ನೋಡಿ ಕಲಿತಂತೆಯೇ! ಪೆಟ್ಟೇ ತಿನ್ನದ ಮಕ್ಕಳು ಪೆಟ್ಟು ತಿಂದವಳ ಉಸಿರನ್ನು ಅಲಂಕಾರವೆಂದು ಧರಿಸಿ ನಿಂತಿದ್ದರು. ಚಪ್ಪಾಳೆಯ ಮಳೆ ಸುರಿಯಿತು.

ತನ್ಮಯಿ ಕೈಯೆತ್ತಿದಳು. ಬಾಳಿನಲ್ಲಿ ಮೊದಲ ಬಾರಿಗೆ ಒಂದು ಹಾಡನ್ನು ನಡುವೆ ನಿಲ್ಲಿಸಿದಳು.

“ಅಮ್ಮಾ, ಅದ್ ಗಮಕ ಅಲ್ಲ” ಎಂದಳು. ಚಪ್ಪಾಳೆ ನಿಂತಿತು.

ಶ್ರವಣ್ ಮುಗುಳ್ನಗುತ್ತಲೇ ಅವಳ ಬೆನ್ನಿಗೆ ಒತ್ತಿಕೊಂಡು ನಿಂತ. ಅವನ ತುಟಿ ಅವಳ ಕಿವಿಯ ಬಳಿ ಅಲುಗಿತು. “ಸ್ಮೈಲ್ ಮಾಡು. ಮನೆಗೆ ಹೋಗಿ ಮಾತಾಡೋಣ.” ಅಷ್ಟರಲ್ಲಿ ಗಿಟಾರಿನ ಮರೆಯಲ್ಲಿ ಅವನ ಮುಷ್ಟಿ, ರೂಢಿಯ ಬಲದಿಂದಲೇ, ಹಳೆಯ ಜಾಗವನ್ನು ಹುಡುಕಿಕೊಂಡು ಬಂದು ಗುದ್ದಿತು. ಸಭಿಕರ ಕಣ್ಣಿಗೆ ಏನೂ ಕಾಣಲಿಲ್ಲ. ಆದರೆ ಧ್ವನಿವರ್ಧಕ ಅವಳ ತುಟಿಗೆ ಹತ್ತಿರವಿತ್ತು... ಇಡೀ ಸಭಾಂಗಣದಲ್ಲಿ, ಗೋಡೆಯಿಂದ ಗೋಡೆಗೆ, ಆ ಉಸಿರು ಮೊಳಗಿತು. ಒಳಕ್ಕೆ ಎಳೆದು, ಮುರಿದು, ಮತ್ತೆ ಸೇರಿದ ಅದೇ ಉಸಿರು! ಅದನ್ನು ಸಾವಿರ ಸಲ ಕೇಳಿ ಮೆಚ್ಚಿದವರೆಲ್ಲ ಅಲ್ಲಿದ್ದರು. ಯಾರಿಗೂ ವಿವರಣೆ ಬೇಕಾಗಲಿಲ್ಲ.

ಮೊದಲು ಅರಿತವರು ಅದನ್ನು ಮಕ್ಕಳಿಗೆ ಕಲಿಸಿದ ಪ್ರಫುಲ್ಲಾ. ಶ್ರುತಿಪೆಟ್ಟಿಗೆಯನ್ನು ತಳ್ಳಿ ಎದ್ದು ಅವರು ಮಗಳಿಗೂ ಅಳಿಯನಿಗೂ ನಡುವೆ ತಮ್ಮ ದೇಹವನ್ನೇ ತಂದಿಟ್ಟರು. ಸಭೆಯಲ್ಲಿದ್ದ ಮಂಜಯ್ಯ ವೇದಿಕೆ ಹತ್ತಿದರು. “ಹೋಯ್, ದೂರ ನಿಲ್” ಎಂದಷ್ಟೇ ಅಂದರು. ಶ್ರವಣನ ಮುಖದ ಮುಗುಳ್ನಗೆ ಆಗ ಕಳಚಿಬಿತ್ತು. ಅವನು ಗಿಟಾರನ್ನು ಅದರ ಕತ್ತು ಹಿಡಿದೆತ್ತಿ ಬೀಸಿದ. ಮರ ಸೀಳಿತು, ತಂತಿಗಳು ಚೀರಿದವು, ಮಂಜಯ್ಯನವರ ಹಣೆ ಒಡೆದು ನೆತ್ತರು ಹುಬ್ಬಿನ ಮೇಲೆ ಧಾರೆಯಾಯಿತು. ಮಕ್ಕಳು ಕಿರುಚಿದರು. ನಾಲ್ಕಾರು ಗಂಡಸರು ಮೇಲೆ ಬಿದ್ದು ಅವನನ್ನು ನೆಲಕ್ಕೊತ್ತಿ ಹಿಡಿದರು. ಅವನು ಕೆನ್ನೆಯನ್ನು ಹಲಗೆಗೆ ಒತ್ತಿಕೊಂಡೇ ಅವಳ ಹೆಸರು ಹಿಡಿದು ಬಯ್ಯುತ್ತಿದ್ದ. ಸಭೆಯಿಂದ ಓಡಿಬಂದ ರಜನಿ ಮಂಜಯ್ಯನವರ ಹಣೆಗೆ ತಮ್ಮ ರೇಷ್ಮೆಯ ಸೆರಗನ್ನು ಒತ್ತಿದರು. ಬೀಗರ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ.

ಪೊಲೀಸರು ಬರುವ ಮುನ್ನ ಸಂಘದ ಅಧ್ಯಕ್ಷರು ತನ್ಮಯಿಯ ಬಳಿಗೆ ಬಂದರು. ನಮ್ಮ ಜನರ ಮರ್ಯಾದೆ, ಎರಡು ಮನೆತನಗಳ ಹೆಸರು, ಹುಡುಗನ ಭವಿಷ್ಯ ಎಂದೆಲ್ಲ ಮೃದುವಾಗಿ ನುಡಿದರು. ಹೊಡೆದವನ ಭವಿಷ್ಯಕ್ಕೆ ಮರುಗುವ ಈ ಮೃದುತ್ವಕ್ಕೆ ಏನು ಹೆಸರಿಡೋಣ! ಸಮವಸ್ತ್ರದ ಮಹಿಳೆಯೊಬ್ಬಳು ಬಂದಾಗ ತನ್ಮಯಿ ಎಲ್ಲವನ್ನೂ, ಮೊದಲ ದಿನದಿಂದ, ಸ್ಪಷ್ಟವಾಗಿ ಹೇಳಿದಳು. ಅವನನ್ನು ಕರೆದೊಯ್ಯುವಾಗ ಅವಳ ಕಣ್ಣು ತುಂಬಿದ್ದೂ ನಿಜ. ಪ್ರೀತಿಸಿದ ಕಣ್ಣು ನ್ಯಾಯದ ದಿನವೂ ಒದ್ದೆಯಾಗುತ್ತದೆ. ಅದಕ್ಕಾಗಿ ಅವಳನ್ನು ಯಾರೂ ಹಳಿಯಬಾರದು.

ಆಸ್ಪತ್ರೆಯಲ್ಲಿ, ಹೊಲಿಗೆ ಹಾಕಿಸಿಕೊಳ್ಳುತ್ತಿದ್ದ ಗಂಡನಿಗಾಗಿ ಕಾಯುತ್ತ ಪ್ರಫುಲ್ಲಾ ಮಗಳ ಪಕ್ಕ ಕುಳಿತಿದ್ದರು. “ನಾನ್ ನಿಂಗೆ ನಿಲ್ಸುದ್ ಕಲ್ಸುಕ್ ಇತ್ತ್ ಮಗಾ” ಎಂದರು. ತನ್ಮಯಿ ತಾಯಿಯ ಹೆಗಲಿಗೆ ತಲೆಯಿಟ್ಟಳು.

ನ್ಯಾಯಾಲಯ ಅವನಿಗೆ ಸೆರೆ ವಿಧಿಸಿತು. ಅಂದಿನ ಗುದ್ದಿಗೆ ಬಿರುಕುಬಿಟ್ಟಿದ್ದ ಅವಳ ಪಕ್ಕೆಲುಬು ಕೂಡಿಕೊಂಡಿತು. ಕಂಠ ಕೂಡಿಕೊಳ್ಳಲು ಇನ್ನೂ ಒಂದು ಚಳಿಗಾಲ ಹಿಡಿಯಿತು. ಅನಂತರದ ವಸಂತದಲ್ಲಿ, ಚೆರಿಮರಗಳು ಬೀದಿಗೆಲ್ಲ ಗುಲಾಬಿಬಣ್ಣದ ಹಿಮ ಸುರಿಸುವ ದಿನಗಳಲ್ಲಿ, ಹ್ಯಾಮರ್‌ಸ್ಮಿತ್‌ನ ರಂಗಮಂದಿರವೊಂದರಲ್ಲಿ ಅವಳು ಮತ್ತೆ ನಿಂತಳು. ಜೊತೆಗೆ ವಾದ್ಯವಿಲ್ಲ, ಬರಿಗಂಠ. ಮೂರನೆಯ ಚರಣ ಬಂದಾಗ ಸಾವಿರಾರು ಜನ ತಮ್ಮ ಉಸಿರನ್ನು ಬಿಗಿಹಿಡಿದು ಕಾದರು. ಅವರಲ್ಲಿ ಬಹಳ ಮಂದಿಗೆ ಎಲ್ಲವೂ ಗೊತ್ತಿತ್ತು, ಆದರೂ ಕಾದರು! ಅವಳ ಧ್ವನಿ ಆ ಪದದ ಅಂಚಿಗೆ ಬಂತು... ಒಂದಿಷ್ಟೂ ನಡುಗದೆ, ತುಂಬಿದ ಥೇಮ್ಸ್ ಸೇತುವೆಯ ಕೆಳಗೆ ಹಾಯುವಂತೆ, ‘ಮಳೆ’ ಎಂಬ ಪದದೊಳಕ್ಕೆ ಅಖಂಡವಾಗಿ ಹರಿದುಹೋಯಿತು. ಕೆಲವರ ಮುಖ ಸಪ್ಪಗಾಯಿತು. ಗೀತೆ ಮೊದಲಿನಷ್ಟು ಆಳವಾಗಿಲ್ಲವೆಂದು ಪತ್ರಿಕೆಯೊಂದು ಬರೆಯಿತು. ಆದರೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಪ್ರಫುಲ್ಲಾ, ಯಾವುದು ತಾವು ಕಲಿಸಿದ್ದೋ ಯಾವುದು ಅಲ್ಲವೋ ಎಂಬ ಲೆಕ್ಕವನ್ನೇ ಬಿಟ್ಟು, ಮೊದಲ ಸಲ ಮಗಳನ್ನು ಸುಮ್ಮನೆ ಕೇಳಿದರು.

ಒಡೆದದ್ದರೊಳಗಿಂದ ಮಾತ್ರ ಬೆಳಕು ಬರುತ್ತದೆಂದು ನಂಬಿಸಿದವರು ಯಾರು? ನಾವು ಪರರ ನೋವನ್ನು ಕೇಳಿ ಕಣ್ಣೊರೆಸಿಕೊಂಡು, ಅದನ್ನು ನಮ್ಮ ಸಹೃದಯತೆಯೆಂದು ಎಣಿಸಿ, ಹಗುರಾಗಿ ಮನೆಗೆ ಹೋಗುತ್ತೇವೆ. ಪೆಟ್ಟು ಬಿದ್ದುದರಿಂದ ಆ ಹೃದಯ ಆಳವಾದದ್ದಲ್ಲ. ಆಳ ಮೊದಲೇ ಇತ್ತು, ಯಾರೂ ತೋಡುವ ಮುನ್ನವೇ ನೆಲದಡಿಯಲ್ಲಿ ಶಾಂತವಾಗಿ ನಿಂತ ನೀರಿನ ಹಾಗೆ. ಅದನ್ನು ನೋಯಿಸದೆ ಕೇಳಬಲ್ಲ ಕಿವಿಗಾಗಿ ಪ್ರತಿ ಜೀವವೂ ಕಾದಿರುತ್ತದೆ... ಅಂಥ ಕಿವಿಯಾಗುವುದೇ, ಬಹುಶಃ, ಪ್ರೀತಿ.